ರಾತ್ರಿ ದುರ್ಬೀನು ಮತ್ತು ಅಕ್ತರಬೀಯ ನಡಿಗೆ

ನೌಬಾದದ ಆ ಮನೆಯಲ್ಲಿ ದಿನವೂ ಬೆಳಗಿನ ಚಹಾದ ಜೊತೆಗೇ ಒಂದು ಪ್ರಶ್ನೆ ಬರುತ್ತಿತ್ತು. ಖಾಸಿಂ ಅಲಿ ಬಸಿಗೆ ಚಹಾ ಸುರುವಿಕೊಂಡು, ಊದಿ ಆರಿಸಿ, ಎದುರಿಗೆ ಕೂತ ಹೆಂಗಸನ್ನು ತುಂಬ ಮರ್ಯಾದೆಯಿಂದ ಕೇಳುತ್ತಿದ್ದ.

“ಭಾಲ್ಕಿ ಬಸ್ಸು ಬಂತೇನ್ರಿ? ನಮ್ಮ ಅಕ್ತರ್ ಬರೋದಿತ್ತು.”

ಎದುರಿಗೆ ಕೂತವಳೇ ಅಕ್ತರಬೀ. ಅವನ ಹೆಂಡತಿ. ನಲವತ್ತು ವರ್ಷಕ್ಕೂ ಮಿಕ್ಕಿ ಅವನಿಗೆ ರೊಟ್ಟಿ ಸುಟ್ಟು ಹಾಕಿದವಳು. ಈಗ ನೀವೇ ಹೇಳಿ, ಆ ಪ್ರಶ್ನೆಗೆ ಅವಳು ಏನಂತ ಉತ್ತರ ಕೊಡಬೇಕು? ಮೊದಮೊದಲು “ನಾನೇ ರೀ ಅಕ್ತರ್, ಸರಿಯಾಗಿ ನೋಡ್ರಿ” ಎಂದು ವಾದ ಹೂಡಿದಳು. ಅತ್ತಳು. ಒಂದು ದಿನ ಸಿಟ್ಟು ನೆತ್ತಿಗೇರಿ ಬಸಿಯನ್ನೇ ಅಂಗಳಕ್ಕೆ ಒಗೆದಳು. ಅವನು ಹೆದರಿ ಮೂಲೆ ಹಿಡಿದು ಕೂತ, ಸಂಜೆಯವರೆಗೆ ನೀರು ಕೂಡ ಮುಟ್ಟಲಿಲ್ಲ. ಅಂದಿನಿಂದ ಅವಳು ವಾದ ಬಿಟ್ಟಳು. “ಇನ್ನೂ ಬಂದಿಲ್ರಿ,” ಎಂದು ಹೇಳಿ ಬಸಿಗೆ ಇನ್ನಷ್ಟು ಚಹಾ ಸುರುವುತ್ತಿದ್ದಳು.

ಮರೆವು ಅನ್ನುವ ಆ ದರಿದ್ರ ರೋಗ ಖಾಸಿಂ ಅಲಿಯ ತಲೆಯಿಂದ ಎಲ್ಲವನ್ನೂ ಒಯ್ದಿದ್ದರೆ ಅಕ್ತರಬೀ ಹೇಗೋ ಸಹಿಸುತ್ತಿದ್ದಳೇನೋ. ಆದರೆ ಅದು ಕೆಲವನ್ನು ಬಿಟ್ಟು ಕೆಲವನ್ನು ಆರಿಸಿ ಒಯ್ಯುವ ಕಳ್ಳ. ಇಪ್ಪತ್ತರ ಅಕ್ತರ್ ಅವನಲ್ಲಿ ಹಾಗೆಯೇ ಇದ್ದಳು. ಅವಳಿಗಾಗಿ ಅವನು ಇಡೀ ದಿನ ಬಾಗಿಲು ನೋಡುತ್ತಿದ್ದ. ಅರವತ್ತು ದಾಟಿದ ಅಕ್ತರಬೀ ಮಾತ್ರ ಯಾರೋ ಒಬ್ಬ ಒಳ್ಳೆಯ ಹೆಂಗಸು, ಚಹಾ ಚೆನ್ನಾಗಿ ಮಾಡುತ್ತಾಳೆ, ಅಷ್ಟೇ. ತನ್ನ ಗಂಡ ತನಗಾಗಿಯೇ ಹಂಬಲಿಸುವುದನ್ನು ಎದುರಿಗೆ ಕೂತು ನೋಡುವುದು, ಮತ್ತು ಆ ಹಂಬಲಕ್ಕೆ ತಾನು ಯಾರೂ ಅಲ್ಲ ಎಂದು ತಿಳಿಯುವುದು ಯಾವ ಹೆಂಗಸಿಗೂ ಬೇಡ. ಒಂದೇ ಒಂದು ಸಲ ಅವನು ತನ್ನನ್ನು ಗುರುತು ಹಿಡಿಯಲಿ, ಆಮೇಲೆ ಬೇಕಾದರೆ ಮತ್ತೆ ಮರೆಯಲಿ ಎಂದು ಅವಳು ಐದು ಹೊತ್ತಿನ ನಮಾಜಿನಲ್ಲೂ ಕೇಳಿಕೊಳ್ಳುತ್ತಿದ್ದಳು.

ಗುರುತು ಹಿಡಿಯುವ ವಿಷಯದಲ್ಲಿ ಖಾಸಿಂ ಅಲಿ ಒಂದು ಕಾಲದಲ್ಲಿ ಪಲ್ಟನ್ನಿಗೇ ಹೆಸರಾಗಿದ್ದ ಎಂದರೆ ಈಗ ಯಾರು ನಂಬುತ್ತಾರೆ? ಆದರೆ ಅವನ ಆ ವಿದ್ಯೆ ಶುರುವಾದದ್ದೇ ಒಂದು ಪಜೀತಿಯಿಂದ.

ಅವನ ಊರು ಔರಾದ, ಅವಳ ತವರು ಭಾಲ್ಕಿ. ಮದುವೆಯಾದ ಹೊಸದರಲ್ಲಿ ಶುಕ್ರವಾರಕ್ಕೊಮ್ಮೆ ಮದುಮಕ್ಕಳನ್ನು ಹೆಣ್ಣಿನ ಮನೆಗೆ ಕರೆದು ಊಟ ಹಾಕುವ ಜುಮ್ಮಾಗಿ ಎಂಬ ಪದ್ಧತಿ ಅವರಲ್ಲಿ ನಡೆಯುತ್ತದೆ. ಮೊದಲ ಜುಮ್ಮಾಗಿ ಮುಗಿಸಿ ಗಂಡಹೆಂಡತಿ ಔರಾದಕ್ಕೆ ಹೊರಟರು. ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಸಂತೆ ದಿನದ ಗದ್ದಲ, ಎಲ್ಲಿ ನೋಡಿದರೂ ಕಪ್ಪು ಬುರ್ಖಾ. ಫೌಜಿಗೆ ಸೇರಿ ನಾಲ್ಕು ಊರು ನೋಡಿ ಬಂದ ನವಮದುಮಗ, ಠೀವಿಯಿಂದ ಹೋಗಿ ಒಂದು ಬುರ್ಖಾದ ಕೈಯಿಂದ ಗಂಟು ಇಸಿದುಕೊಂಡು, “ಬಾ, ಜಾಗಾ ಹಿಡಿತೇನಿ” ಎಂದು ಬಸ್ಸು ಹತ್ತಿಯೇಬಿಟ್ಟ. ಆ ಗಂಟು ಕಮಲನಗರಕ್ಕೆ ಹೊರಟಿದ್ದ ಯಾರೋ ಮುದುಕಿಯದು. “ಚೋರ್, ಚೋರ್” ಎಂದು ಅವಳು ಬೊಬ್ಬೆ ಹೊಡೆದಳು. ಜನ ಸೇರಿತು, ಒಬ್ಬ ಅವನ ಅಂಗಿಯ ಕಾಲರನ್ನೂ ಹಿಡಿದ. ಅಕ್ತರ್ ಮಾತ್ರ ಹಿಂದೆ ನಿಂತು ನಕಾಬಿನೊಳಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ಮುಖ ನೋಡಿ ಮದಿವಿ ಆದ್ರಿ, ನಡಿಗಿ ನೋಡ್ಲಿಲ್ಲ,” ಎಂದಳು ಬಸ್ಸಿನಲ್ಲಿ ಕೂತ ಮೇಲೆ. “ನಮ್ಮ ಅಬ್ಬಾ ಇದ್ದಿದ್ರ ನಮ್ಮ ಅಮ್ಮೀನ್ನ ಓಣಿ ಆ ಕಡಿಯಿಂದ ಗುರ್ತ ಹಿಡಿತಿದ್ರು.”

ಅವನಿಗೆ ನಾಚಿಕೆಯಾಯಿತು. ಆದರೆ ಸುಮ್ಮನೆ ಕೂರುವ ಜಾತಿಯವನಲ್ಲ ಅವನು. ಉಳಿದ ರಜೆಯ ದಿನಗಳಲ್ಲಿ ಔರಾದದ ಮನೆಯ ಅಂಗಳದಲ್ಲಿ ಮಂಚದ ಮೇಲೆ ಕೂತು, ತಂಗಿ ಮುಸರ್ರತಳನ್ನೂ ಓಣಿಯ ಹೆಣ್ಣುಮಕ್ಕಳನ್ನೂ ಅಕ್ತರಳ ಜೊತೆ ಬುರ್ಖಾ ಹಾಕಿಸಿ ಸಾಲಾಗಿ ನಡೆಸುತ್ತಿದ್ದ. ಯಾರು ಯಾರೆಂದು ಹೇಳಬೇಕು. ಮುಸರ್ರತ ಬೇಕಂತಲೇ ಕುಂಟುವಳು, ಇನ್ನೊಬ್ಬಳು ಮುದುಕಿಯಂತೆ ಬಾಗುವಳು. ಅವನು ಮೊದಲು ತಪ್ಪಿದ, ಆಮೇಲೆ ಒಂದೊಂದಾಗಿ ಹಿಡಿದ. ಅಕ್ತರಳ ನಡಿಗೆ ಅವನಿಗೆ ಬಾಯಿಪಾಠವಾಯಿತು. ಬಲಗಾಲಿನ ಹಿಮ್ಮಡಿ ತುಸು ಗಟ್ಟಿಯಾಗಿ ಊರುತ್ತಾಳೆ, ಎಡಗಾಲು ಹಗುರ. ಮೋರಿ ಬಂದರೆ ದಾಟುವುದಿಲ್ಲ, ಜಿಗಿಯುತ್ತಾಳೆ. ಹಿಂದಿನಿಂದ ಯಾರೋ ಕರೆದಂತಿದೆ, ತಾನು ಮಾತ್ರ ತಿರುಗಿ ನೋಡುವುದಿಲ್ಲ ಎಂಬ ಹಟದಲ್ಲಿ ನಡೆಯುತ್ತಾಳೆ.

ಈ ವಿದ್ಯೆ ಪಲ್ಟನ್ನಿನಲ್ಲಿ ಕೆಲಸಕ್ಕೆ ಬಂದೀತೆಂದು ಯಾರಿಗೆ ಗೊತ್ತಿತ್ತು. ಟ್ರೇನಿಂಗಿನಲ್ಲಿ ಉಸ್ತಾದನೊಬ್ಬ ಅವರಿಗೆ ಪರದೇಶದ ಒಂದು ಹಳೆಯ ಬಂದೂಕನ್ನು ತೋರಿಸಿದ್ದ. ಅದರ ನೆತ್ತಿಯ ಮೇಲೆ ತಾಟಿನಷ್ಟು ಅಗಲದ ದೀಪ, ಅದರ ಕೆಳಗೆ ದುರ್ಬೀನು, ಬೆನ್ನಿಗೆ ಹೊರಲು ಕಲ್ಲಿನಂಥ ಬ್ಯಾಟರಿ. ಆ ದೀಪದ ಬೆಳಕು ಬರಿಗಣ್ಣಿಗೆ ಕಾಣದು, ದುರ್ಬೀನಿಗೆ ಮಾತ್ರ ಕಾಣುವುದು. ಆದರೆ ಎದುರಿನವನ ಹತ್ತಿರವೂ ಅಂಥದೇ ದುರ್ಬೀನಿದ್ದರೆ ದೀಪ ಹೊತ್ತವನೇ ಅವನಿಗೆ ಮೊದಲು ಕಾಣುತ್ತಾನೆ. “ಪೆಟ್ರೋಮ್ಯಾಕ್ಸ್ ತಲಿ ಮ್ಯಾಲ ಹೊತ್ತು ಕಳ್ಳತನಕ್ಕ ಹೋದಂಗ” ಎಂದು ಖಾಸಿಂ ಅಲಿ ರಜೆಗೆ ಬಂದಾಗ ಹೆಂಡತಿಗೆ ನಗುತ್ತ ಹೇಳಿದ್ದ.

ಮುಂದೆ ಗಡಿಯ ಉಸುಕಿನಲ್ಲಿ ಪಹರೆಗೆ ನಿಂತಾಗ ಅವನ ಕೈಗೆ ಬಂದದ್ದು ದೀಪವಿಲ್ಲದ ಹೊಸ ನಮೂನೆ. ಎಸ್ಎಲ್ಆರ್ ಬಂದೂಕಿನ ಮೇಲೆ ದಪ್ಪ ಕೊಳವೆ, ಚುಕ್ಕಿಗಳ ಬೆಳಕನ್ನೇ ಕೂಡಿಸಿ ಕೂಡಿಸಿ ಕಣ್ಣಿಗೆ ಕೊಡುವಂಥದು. ಗುಂಡಿ ಒತ್ತಿದರೆ ಸೊಳ್ಳೆಯಂತೆ ಸಣ್ಣಗೆ ಸೀಟಿ ಹೊಡೆಯುತ್ತಿತ್ತು. ಒಳಗೆ ನೋಡಿದರೆ ಜಗತ್ತೆಲ್ಲ ಹಸಿರು. ಮನುಷ್ಯರು ಕಾಣುತ್ತಿದ್ದರು, ಮುಖ ಕಾಣುತ್ತಿರಲಿಲ್ಲ. ಬರುವವನು ನಮ್ಮವನೋ ಹೊರಗಿನವನೋ ಎಂದು ಉಳಿದವರು ತಡಕಾಡುತ್ತಿದ್ದರೆ, ಖಾಸಿಂ ಅಲಿ ಹಸಿರು ಆಕಾರ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೆಸರು ಹೇಳುತ್ತಿದ್ದ. ಒಮ್ಮೆ ದಾರಿ ತಪ್ಪಿ ಬೇರೆ ದಿಕ್ಕಿನಿಂದ ಬಂದ ತಮ್ಮದೇ ಅಡಿಗೆಯವನ ಮೇಲೆ ಎಲ್ಲರೂ ಗುರಿ ಇಟ್ಟಿದ್ದರು. “ಹೊಡೀಬ್ಯಾಡ್ರಿ, ಅಂವ ಬಲಗಡಿ ವಾಲಿ ನಡಿಲತ್ತಾನ, ನಮ್ಮ ಲಂಗರ್‌ದವ” ಎಂದು ಇವನು ತಡೆದ. ಎಲ್ಲಿ ಕಲಿತೆ ಎಂದು ಸುಬೇದಾರ ಸಾಹೇಬರು ಕೇಳಿದರೆ, ನಮ್ಮ ಕಡೆ ಎಲ್ಲ ಗಂಡಸರಿಗೂ ಬರತದ ಸಾಹೇಬ್, ಹೆಂಡತಿ ಕಲಿಸ್ತಾಳ ಅಂದನಂತೆ.

ಆ ದಿನಗಳಲ್ಲಿ ಅಕ್ತರಬೀ ಔರಾದದಲ್ಲಿ ಅತ್ತೆಯ ಜೊತೆ, ಅವನು ಎಲ್ಲೋ ಉಸುಕಿನಲ್ಲಿ. ವರ್ಷಕ್ಕೊಮ್ಮೆ ರಜೆ. “ಯಾರೂ ಬರದಿದ್ದಾಗ ಆ ದುರ್ಬೀನಿನ್ಯಾಗ ನಿನ್ನ ನಡಸ್ತೇನಿ,” ಎಂದು ಅವನು ಒಮ್ಮೆ ಹೇಳಿದ್ದ. “ಹಸಿರು ಉಸುಕಿನ್ಯಾಗ ನೀ ಬರ್ತಿ, ಬರ್ತಿ, ಎಂದೂ ಹತ್ರ ಬರಂಗಿಲ್ಲ.” ಅವಳಿಗೆ ಆ ಕೊಳವೆಯ ಮೇಲೆ ಹೊಟ್ಟೆಕಿಚ್ಚಾಗಿತ್ತು. ತನಗಿಂತ ಹೆಚ್ಚು ಹೊತ್ತು ಅವನ ಕೆನ್ನೆಗೆ ಅಂಟಿಕೊಂಡಿರುತ್ತಿತ್ತಲ್ಲ ಅದು!

ರಜೆಗೆ ಅವನು ಬರುವ ದಿನ ಅವಳು ಮುಸರ್ರತಳನ್ನೂ ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋಗುವಳು. ಹೆಂಗಸರ ಗುಂಪಿನ ನಡುವೆ ಸುಮ್ಮನೆ ಆಚೆ ಈಚೆ ನಡೆಯುವಳು. ಬಸ್ಸಿನ ಮೆಟ್ಟಿಲ ಮೇಲಿಂದಲೇ ಅವನ ಕಣ್ಣು ಅಷ್ಟು ಬುರ್ಖಾಗಳನ್ನು ದಾಟಿ ಬಂದು ಅವಳ ಮೇಲೆ ನಿಲ್ಲುತ್ತಿತ್ತು. ಟ್ರಂಕು ಹೊತ್ತು ನೆಟ್ಟಗೆ ಅವಳ ಹತ್ತಿರವೇ ಬರುತ್ತಿದ್ದ. ಒಂದು ಸಲವೂ ತಪ್ಪಲಿಲ್ಲ. ಅವಳ ಇಡೀ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸುಖ ಇನ್ನೊಂದಿರಲಿಲ್ಲ. ಮಗ ಹುಟ್ಟಿದಾಗಲೂ ಅಷ್ಟು ಎದೆ ಹಾರಿರಲಿಲ್ಲ ಎಂದರೆ ದಾನಿಶ ಬೇಜಾರು ಮಾಡಿಕೊಳ್ಳಬಾರದು.

ಫೌಜಿನಿಂದ ಬಂದ ಮೇಲೆ ಖಾಸಿಂ ಅಲಿ ಶಹರದ ಹೊರಗಿನ ಕೊಳಾರದ ಗೋದಾಮೊಂದರಲ್ಲಿ ಕಾವಲಿಗೆ ನಿಂತ. ನೌಬಾದದಲ್ಲಿ ಮನೆಯಾಯಿತು. ದಾನಿಶ ದೊಡ್ಡವನಾಗಿ ಅದೇ ಕೊಳಾರದ ಕಾರ್ಖಾನೆ ಸೇರಿದ. ಎಲ್ಲ ಸರಿಯಾಗಿತ್ತು ಅನ್ನುವಷ್ಟರಲ್ಲಿ ಅಕ್ತರಬೀ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ರಾಡು ಹಾಕಿದರು. ಎದ್ದು ನಡೆದಾಗ ಕೈಯಲ್ಲಿ ಕೋಲು, ಎಡಗಾಲು ಎಳೆತ. ಅವಳು ಆಸ್ಪತ್ರೆಯಲ್ಲಿದ್ದ ದಿನಗಳಲ್ಲೇ ಗಂಡನ ತಲೆ ಕೈಕೊಟ್ಟಿತ್ತು. ಕುಂಟುತ್ತ ಮನೆಯೊಳಗೆ ಬಂದ ಹೆಂಡತಿಯನ್ನು ಅವನು ಎದ್ದು ನಿಂತು, “ಬರ್ರಿ, ಯಾರ್ ಬೇಕಾಗಿತ್ತು?” ಎಂದು ಕೇಳಿದ.

ಓಣಿಯ ಕೊನೆಯ ಮನೆಯ ಹೆಪ್ಸಿಬಾ, ಮಿಷನ್ ಕಾಲದಿಂದಲೂ ನರ್ಸುಗಳ ಮನೆತನದವಳು, ಬಿಪಿ ನೋಡಲು ಬಂದಾಗ ಒಂದು ಮಾತು ಹೇಳಿದಳು. “ಖಾಲಾ, ಕೆಲವರಿಗಿ ಮುಖ ಮರೀತದ್ರಿ, ಬ್ಯಾರೆ ಏನರ ಉಳದಿರತದ. ದನಿ, ವಾಸನಿ, ಹಂಗ ಏನರ.” ಅಕ್ತರಬೀಗೆ ಥಟ್ಟನೆ ಹೊಳೆಯಿತು, ಏನು ಉಳಿದಿರುತ್ತದೆಂದು. ಹೊಳೆದ ಮರುಕ್ಷಣವೇ ತನ್ನ ಕಾಲು ನೋಡಿಕೊಂಡಳು. ಅವನು ಕಾಯುತ್ತಿದ್ದ ನಡಿಗೆ ಈಗ ಅವಳ ಹತ್ತಿರವೂ ಇರಲಿಲ್ಲ.

ಹೀಗಿರುವಾಗ ದಾನಿಶ ಸುದ್ದಿ ತಂದ. ಶಹರದ ದೊಡ್ಡ ಮೈದಾನದಲ್ಲಿ ಫೌಜಿನವರು ಹಳೆಯ ಹತ್ಯಾರಗಳ ಪ್ರದರ್ಶನ ಇಟ್ಟಿದ್ದಾರೆ. ಒಂದು ಟೇಬಲ್ಲಿನ ಮೇಲೆ ಎಸ್ಎಲ್ಆರ್ ಇದೆ, ಅದರ ಮೇಲೆ ಅಬ್ಬಾ ಹೇಳುತ್ತಿದ್ದಂಥದೇ ಕೊಳವೆ. ಇನ್ನೂ ಜೀವ ಇದೆಯಂತೆ, ಜನರಿಗೆ ನೋಡಲು ಕೊಡುತ್ತಿದ್ದಾರೆ.

ಮರುದಿನ ನಡುಮಧ್ಯಾಹ್ನ ಮೂವರೂ ಆಟೋದಲ್ಲಿ ಹೋದರು. ಟೇಬಲ್ಲಿನ ಹಿಂದೆ ಇದ್ದ ಹವಾಲ್ದಾರ ಬಸವಕಿರಣ ಔರಾದದ ಕಡೆಯವನೇ. ಹಳೇ ಫೌಜಿ ಎಂದು ಗೊತ್ತಾದೊಡನೆ ಖಾಸಿಂ ಅಲಿಗೆ ಸೆಲ್ಯೂಟ್ ಹೊಡೆದು ಕುರ್ಚಿ ಕೊಟ್ಟ. ಖಾಸಿಂ ಅಲಿ ಕುರ್ಚಿಯನ್ನು ನೋಡಲಿಲ್ಲ. ಅವನ ಕೈ ಆಗಲೇ ಕೊಳವೆಯ ಮೂತಿಗೆ ಹೋಗಿತ್ತು. ಅಲ್ಲಿ ರಬ್ಬರಿನ ಟೋಪಿ ಇತ್ತು, ಟೋಪಿಯ ನಡುವೆ ಸೂಜಿಮೊನೆಯಷ್ಟು ತೂತು. ಹಗಲು ಹೊತ್ತಿನಲ್ಲಿ ಅಷ್ಟು ಬೆಳಕೇ ಅದಕ್ಕೆ ಸಾಕು, ಹೆಚ್ಚು ಬಿದ್ದರೆ ಒಳಗಿನ ಕಣ್ಣೇ ಸುಟ್ಟುಹೋಗುತ್ತದೆ.

“ಟೋಪಿ ತೆಗೀಬ್ಯಾಡ,” ಎಂದ ಖಾಸಿಂ ಅಲಿ. ತಿಂಗಳುಗಟ್ಟಲೆ ಅವನ ಬಾಯಿಂದ ಇಷ್ಟು ಗಟ್ಟಿ ಮಾತು ಬಂದಿರಲಿಲ್ಲ. “ಬಿಸಿಲು ಬಿದ್ರ ಕುರುಡು ಆಗತದ.”

“ತೆಗೆಯಂಗಿಲ್ರಿ ಸಾಹೇಬ್,” ಎಂದ ಬಸವಕಿರಣ. ಗುಂಡಿ ಒತ್ತಿದ. ಸಣ್ಣ ಸೀಟಿ ಕೇಳಿದ್ದೇ ತಡ, ಖಾಸಿಂ ಅಲಿಯ ಬೆನ್ನು ನೆಟ್ಟಗಾಯಿತು. ಕೆನ್ನೆ ಬಂದೂಕಿಗೆ ಹತ್ತಿತು. ಹೊರಗಿನ ಬೆಳಕು ಕಣ್ಣಿಗೆ ಬೀಳದಂತೆ ಹವಾಲ್ದಾರ ಅವನ ತಲೆಯ ಮೇಲೆ ಕರಿಬಟ್ಟೆ ಹೊದಿಸಿದ. ಬಟ್ಟೆಯೊಳಗಿಂದ ದನಿ ಬರತೊಡಗಿತು. ಒಬ್ಬ ಬರುತ್ತಿದ್ದಾನೆ, ಎಡಗೈಯಲ್ಲಿ ಭಾರ. ಒಬ್ಬಳು ಬಸುರಿ. ಇಬ್ಬರು ಅಣ್ಣತಮ್ಮಂದಿರು, ಹೆಜ್ಜೆ ಒಂದೇ ನಮೂನೆ. ಸುತ್ತ ನಿಂತವರು ಕತ್ತು ಹೊರಳಿಸಿ ನೋಡಿದರು, ಎಲ್ಲವೂ ಸರಿಯಾಗಿತ್ತು. ಅಕ್ತರಬೀ ಕರಿಬಟ್ಟೆಯ ಹತ್ತಿರಕ್ಕೆ ಸರಿದಳು. ಅವನು ಅಲ್ಲಿದ್ದ. ಇಷ್ಟು ದಿನ ಎಲ್ಲಿ ಹೋಗಿದ್ದನೋ, ಆ ಕರಿಬಟ್ಟೆಯೊಳಗೆ ಅವಳ ಖಾಸಿಂ ಅಲಿ ಪೂರ್ತಿಯಾಗಿ ಇದ್ದ.

“ಯಪ್ಪಾ, ಒಂದು ಉಪಕಾರ ಮಾಡು,” ಎಂದಳು ಬಸವಕಿರಣನಿಗೆ. “ನಾ ಆ ಬೇವಿನ ಗಿಡದಿಂದ ನಡದು ಬರ್ತೇನಿ. ಅವರ್ನ ಆ ಕಡಿನೇ ನೋಡ್ಲಿಕ್ಕಿ ಹಚ್ಚು. ನಾ ಯಾರಂತ ಹೇಳಬ್ಯಾಡ.”

ಕೋಲನ್ನು ಮಗನ ಕೈಗೆ ಕೊಟ್ಟಳು. ದಾನಿಶ ಗಾಬರಿಯಾದ. “ಅಮ್ಮೀ, ಕೋಲಿಲ್ದ ಹ್ಯಾಂಗ? ಡಾಕ್ಟರ್ ಏನ್ ಹೇಳ್ಯಾರ?”

“ಡಾಕ್ಟರ್ ಹೆಂಡ್ತಿ ನಾ ಅಲ್ಲ. ಬೇವಿನ ಗಿಡದ ತನಕ ಕೈ ಹಿಡಕೊಂಡು ಬಾ, ಆಮ್ಯಾಲ ಬಿಡು.”

ಬೇವಿನ ಮರದ ಬುಡದಲ್ಲಿ ಮಗನ ಕೈ ಬಿಟ್ಟಳು. ನಕಾಬು ಇಳಿಸಿಕೊಂಡಳು. ಎದುರಿಗೆ ದೂರದಲ್ಲಿ ಕರಿಬಟ್ಟೆಯ ಗುಡ್ಡೆ, ಅದರಿಂದ ತನ್ನ ಕಡೆಗೇ ಚಾಚಿದ ಬಂದೂಕು. ಖಾಲಿ ಬಂದೂಕು, ಬೋಲ್ಟು ತೆಗೆದಿಟ್ಟದ್ದು. ತುಂಬಿದ್ದರೂ ಅವಳು ನಡೆಯುತ್ತಿದ್ದಳು. ಬಿಸ್ಮಿಲ್ಲಾ ಎಂದು ಬಲಗಾಲಿನ ಹಿಮ್ಮಡಿಯನ್ನು ಗಟ್ಟಿಯಾಗಿ ಊರಿದಳು. ಎಡಗಾಲನ್ನು ಎಳೆಯದೆ ಎತ್ತಿದಳು. ಸೊಂಟದೊಳಗೆ ಕಾದ ಕಬ್ಬಿಣ ಆಡಿದಂತಾಯಿತು. ಮತ್ತೆ ಬಲಗಾಲು, ಮತ್ತೆ ಎಡಗಾಲು. ಹಲ್ಲು ಕಚ್ಚಿದಳು. ಇಪ್ಪತ್ತರಲ್ಲಿ ಹೇಗೆ ನಡೆಯುತ್ತಿದ್ದೆ, ಅಕ್ತರ್? ಯಾರೋ ಕರೆದರೂ ತಿರುಗದವಳ ಹಾಗೆ. ತಲೆ ಎತ್ತಿದಳು. ಎಲ್ಲೂ ನಿಲ್ಲಲಿಲ್ಲ. ನಡುವೆ ನೀರು ಹರಿದುಹೋಗಲು ತೋಡಿದ ಸಣ್ಣ ಕಾಲುವೆ ಬಂತು. ದಾಟಬಹುದಿತ್ತು. ಅವಳು ಜಿಗಿದಳು.

ಬೀಳಲಿಲ್ಲ, ಅಷ್ಟೇ. ಕಣ್ಣಿಗೆ ಕತ್ತಲೆ ಬಂದು ಹೋಯಿತು. ನಕಾಬಿನೊಳಗೆ ಕಣ್ಣೀರು ತುಟಿಗಿಳಿಯಿತು. ಆದರೂ ನಡೆದಳು, ಕರಿಬಟ್ಟೆಯೊಳಗಿನ ಮಾತು ಕಿವಿಗೆ ಬೀಳುವಷ್ಟು ಹತ್ತಿರಕ್ಕೆ.

“ಇಕಿ ಅಲ್ಲ,” ಎನ್ನುತ್ತಿದ್ದ ಖಾಸಿಂ ಅಲಿ.

“ಇನ್ನೊಂದ್ ಸಲ ನೋಡ್ರಿ ಸಾಹೇಬ್,” ಎಂದ ಬಸವಕಿರಣ.

“ನೋಡೀನಪ್ಪ. ನಮ್ಮ ಅಕ್ತರ್ ಅಲ್ಲ ಇಕಿ. ನಮ್ಮಕಿ ಕಾಲಿಗಿ ನೋವಂದ್ರ ಏನು ಗೊತ್ತಿಲ್ಲ. ಇದು ಯಾರೋ ಪಾಪ, ವಯಸ್ಸಾದ ಹೆಣ್ಮಗಳು. ಭಾಳ ನೋಯ್ಲತ್ತದ ಅಕಿಗಿ. ಆದ್ರ ಯಾರಿಗೋ ತೋರಿಸಬಾರ್ದಂತ ತಡ್ಕೊಂಡು ನಡಿಲತ್ತಾಳ.” ಅವನು ಬಟ್ಟೆ ಸರಿಸಿ ತಲೆ ಹೊರಗೆ ತೆಗೆದ. “ಆ ಕುರ್ಚಿ ಕೊಡು ಅಕಿಗಿ.”

ದಾನಿಶ ಹಿಂದಿನಿಂದ ಓಡಿ ಬಂದು ತಾಯಿಯನ್ನು ಹಿಡಿದ. ಅವಳು ಕೂತಳು. ಅಷ್ಟು ದೂರದಿಂದ, ಸೂಜಿಮೊನೆಯ ತೂತಿನಿಂದ, ಅವನು ಅವಳ ನೋವನ್ನು ಕಂಡಿದ್ದ, ಮುಚ್ಚಿಟ್ಟದ್ದನ್ನೂ ಕಂಡಿದ್ದ. ಅವಳನ್ನು ಮಾತ್ರ ಕಾಣಲಿಲ್ಲ. ಅಕ್ತರಬೀಗೆ ಎದೆ ಬಿರಿಯುವಷ್ಟು ಅಳು ಬಂತು. ನೆಲಕ್ಕೆ ಬಿದ್ದು ಹೊರಳಾಡಬೇಕು ಅನ್ನಿಸಿತು. ಅವಳು ನಕಾಬು ಎತ್ತಿ ಮುಖ ಒರೆಸಿಕೊಂಡಳು.

“ನೀರು ಕುಡೀರಿ ಆಪಾ,” ಎಂದು ಅಕ್ಕನನ್ನು ಕರೆದಂತೆ ಕರೆದು ಖಾಸಿಂ ಅಲಿ ಟೇಬಲ್ಲಿನ ಮೇಲಿದ್ದ ಬಾಟಲಿಯನ್ನು ಮುಂದೆ ಮಾಡಿದ. “ಇಷ್ಟು ನೋವು ತಗೊಂಡು ಎಲ್ಲಿಗಿ ಹೊಂಟಿದ್ರಿ?”

“ನಮ್ಮ ಮನಿಯವರ್ನ ಹುಡುಕ್ಲತ್ತೇನಿ,” ಎಂದಳು ಅಕ್ತರಬೀ.

ಖಾಸಿಂ ಅಲಿ ತಲೆಯಾಡಿಸಿದ. ಅವನಿಗೆ ಆ ಸಂಕಟ ಚೆನ್ನಾಗಿ ಗೊತ್ತಿತ್ತು. “ಚಿಂತಿ ಮಾಡಬ್ಯಾಡ್ರಿ. ನಾನೂ ನಮ್ಮಕಿ ದಾರಿ ಕಾಯ್ಲತ್ತೇನಿ. ಅಂವ ಹ್ಯಾಂಗ ನಡಿತಾನ ಹೇಳ್ರಿ, ಎಷ್ಟು ಜನದಾಗ ಇರ್ಲಿ, ಹುಡುಕಿ ಕೊಡ್ತೇನಿ.”

ದಾನಿಶ ಮುಖ ಆಚೆ ತಿರುಗಿಸಿಕೊಂಡ. ಅಕ್ತರಬೀ ಗಂಡನ ಮುಖವನ್ನೇ ನೋಡಿದಳು.

“ನೆಟ್ಟಗ ನಡಿತಾರ,” ಎಂದಳು. “ಹೆಗಲ ಮ್ಯಾಲ ಟ್ರಂಕ್ ಇರತದ, ಆದ್ರೂ ಬಾಗಂಗಿಲ್ಲ. ಬಸ್ಸಿನಿಂದ ಇಳಿದವರೇ ಆಚಿ ಈಚಿ ನೋಡಂಗಿಲ್ಲ. ಸೀದಾ ನನ್ನ ಹತ್ರನೇ ಬರ್ತಾರ.”

“ಆತು,” ಎಂದ ಖಾಸಿಂ ಅಲಿ. ಕೆನ್ನೆಯನ್ನು ಬಂದೂಕಿಗೆ ಹಚ್ಚಿ, ಕರಿಬಟ್ಟೆಯನ್ನು ತಾನೇ ತಲೆಯ ಮೇಲೆ ಎಳೆದುಕೊಂಡು, ಮೈದಾನದ ಆ ತುದಿಯಿಂದ ಈ ತುದಿಯವರೆಗೆ ಅವಳ ಗಂಡನನ್ನು ಹುಡುಕತೊಡಗಿದ.